ಘಟ್ಟದ ದಾರಿ ಮುಚ್ಚಿದಾಗ: ಆಪತ್ಕಾಲದ ಬಸ್ಸು, ರೈಲು ವ್ಯವಸ್ಥೆಗೆ ಒಂದು ಪ್ರವೇಶಿಕೆ

ಜುಲೈ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪುವುದು ಅಪರೂಪ: ಗುಡ್ಡ ಕುಸಿದು ಶಿರಾಡಿ ಘಾಟಿ ಬಂದ್, ರೈಲುಗಳು ರದ್ದು, ಪ್ರಯಾಣಿಕರ ಪರದಾಟ. ದೂರದಲ್ಲಿ ಕೂತು ಓದುವವರಿಗೆ ಅದು ನಾಲ್ಕು ಸಾಲಿನ ಸುದ್ದಿ. ಮಂಗಳೂರಿನ ಆಸ್ಪತ್ರೆಗೆ ಹೊರಟ ಹಾಸನದ ರೋಗಿಗೆ, ಮರುದಿನ ಬೆಳಿಗ್ಗೆ ಬೆಂಗಳೂರಿನಲ್ಲಿ ಸಂದರ್ಶನವಿರುವ ಪುತ್ತೂರಿನ ಹುಡುಗಿಗೆ, ಸೋಮವಾರ ಕೆಲಸಕ್ಕೆ ಹಾಜರಾಗದಿದ್ದರೆ ಕೂಲಿ ಕಳೆದುಕೊಳ್ಳುವ ಕಾರ್ಮಿಕನಿಗೆ ಅದು ಬದುಕಿನ ಪ್ರಶ್ನೆ. ಸ್ವಂತ ಕಾರಿದ್ದವರು ಬೇರೆ ದಾರಿ ಹಿಡಿದಾರು, ಇಲ್ಲವೇ ಎರಡು ದಿನ ತಡೆದು ಹೊರಟಾರು. ಬಸ್ಸು, ರೈಲನ್ನೇ ನಂಬಿದವರಿಗೆ ಆ ಸ್ವಾತಂತ್ರ್ಯ ಕಡಿಮೆ. ಆದ್ದರಿಂದ ಆಪತ್ತಿನಲ್ಲಿ ಸಾರ್ವಜನಿಕ ಸಾರಿಗೆಯನ್ನು ಹೇಗೆ ನಡೆಸಬೇಕು ಎಂಬುದು ಬರೀ ವಾಹನಗಳ ವಿಚಾರವಲ್ಲ, ಜನರ ವಿಚಾರ.

ಈ ವಿಷಯಕ್ಕೆ ಹೊಸಬರಾದವರಿಗಾಗಿ ಈ ಬರಹ. ನೀವು ಸಾರಿಗೆ ಇಲಾಖೆಗೆ ಈಗಷ್ಟೇ ಸೇರಿದವರಿರಬಹುದು, ಗ್ರಾಮ ಪಂಚಾಯಿತಿ ಸದಸ್ಯರಿರಬಹುದು, ಬಸ್ ನಿಲ್ದಾಣದಲ್ಲಿ ಗಂಟೆಗಟ್ಟಲೆ ಕಾದು ‘ಇದೆಲ್ಲ ಯಾಕೆ ಹೀಗೆ’ ಎಂದು ಯೋಚಿಸಿದ ಪ್ರಯಾಣಿಕರಿರಬಹುದು. ಹಿಂದಿನ ತಿಳಿವಳಿಕೆ ಏನೂ ಬೇಕಿಲ್ಲ. ಬೆಂಗಳೂರು–ಮಂಗಳೂರು ದಾರಿಯ ಮಳೆಗಾಲವನ್ನು ಉದಾಹರಣೆಯಾಗಿ ಇಟ್ಟುಕೊಂಡು ಒಂದೊಂದೇ ಹೆಜ್ಜೆ ಮುಂದೆ ಹೋಗೋಣ. ಇದು ಚೆನ್ನಾಗಿ ಅರ್ಥವಾದರೆ ಮುಷ್ಕರ, ಸಾಂಕ್ರಾಮಿಕ, ನೆರೆ ಯಾವುದೇ ಬರಲಿ, ಕೇಳಬೇಕಾದ ಪ್ರಶ್ನೆಗಳು ಅವೇ ಎಂಬುದು ನಿಮಗೇ ಕಾಣುತ್ತದೆ.

ಮೊದಲಿಗೆ ಎರಡು ಮಾತು ಮನಸ್ಸಿನಲ್ಲಿರಲಿ. ಅಪಾಯ ಕಂಡಾಗ ಬಸ್ಸು ಅಥವಾ ರೈಲನ್ನು ನಿಲ್ಲಿಸುವುದು ಸಾರಿಗೆ ಸಂಸ್ಥೆಯ ಸೋಲಲ್ಲ, ಅದೂ ಸೇವೆಯೇ. ಆದರೆ ಗಾಡಿ ನಿಂತ ಮಾತ್ರಕ್ಕೆ ಪ್ರಯಾಣಿಕರ ಹೊಣೆ ಮುಗಿಯುವುದಿಲ್ಲ. ಮುಂದೆ ಹೇಳುವುದೆಲ್ಲ ಈ ಎರಡು ಮಾತುಗಳ ವಿಸ್ತರಣೆ.

ದಾರಿಗಳು ಎಷ್ಟಿವೆ?

ಕರಾವಳಿಯಿಂದ ಬಯಲುಸೀಮೆಗೆ ಬರಬೇಕಾದರೆ ಪಶ್ಚಿಮ ಘಟ್ಟ ಹತ್ತಲೇಬೇಕು. ಬೆಂಗಳೂರು–ಮಂಗಳೂರು ನಡುವಿನ ಮುಖ್ಯ ರಸ್ತೆ ರಾಷ್ಟ್ರೀಯ ಹೆದ್ದಾರಿ 75. ಅದು ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ಇಳಿದು ಗುಂಡ್ಯ ಸೇರುತ್ತದೆ. ಅದರ ಉತ್ತರಕ್ಕೆ ಕೊಟ್ಟಿಗೆಹಾರದಿಂದ ಇಳಿಯುವ ಚಾರ್ಮಾಡಿ ಘಾಟಿ, ದಕ್ಷಿಣಕ್ಕೆ ಮಡಿಕೇರಿಯಿಂದ ಸುಳ್ಯದ ಕಡೆಗೆ ಇಳಿಯುವ ಸಂಪಾಜೆ ಘಾಟಿ. ಸಕಲೇಶಪುರದ ಕಡೆಯಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಬಿಸಿಲೆ ಘಾಟಿಯ ಕಿರಿದಾದ ರಸ್ತೆಯೂ ಇದೆ. ಇನ್ನೂ ಉತ್ತರಕ್ಕೆ ಹೋದರೆ ಆಗುಂಬೆ, ಹುಲಿಕಲ್ ಘಾಟಿಗಳು ಸಿಗುತ್ತವೆ.

ಈ ಘಟ್ಟ ಇಳಿಯಲು ರೈಲಿಗೆ ಇರುವುದು ಒಂದೇ ಹಾದಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಟ್ಟ ಭಾಗದಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳಿವೆ. ಇಳಿಜಾರು 50ಕ್ಕೆ 1, ಎಂದರೆ 50 ಮೀಟರ್ ಸಾಗುವಷ್ಟರಲ್ಲಿ ಹಳಿ 1 ಮೀಟರ್ ಇಳಿದಿರುತ್ತದೆ. ನಡುವಿನ ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ನಿಲ್ದಾಣಗಳ ಸುತ್ತ ದಟ್ಟ ಕಾಡು. ಹಲವೆಡೆ ಹಳಿಯ ಹತ್ತಿರಕ್ಕೆ ಲಾರಿ ಹೋಗುವಂಥ ರಸ್ತೆಯೇ ಇಲ್ಲ. ಗುಡ್ಡ ಕುಸಿದರೆ ಕಲ್ಲು, ಮರಳಿನ ಚೀಲ, ಯಂತ್ರ, ಕೆಲಸಗಾರರು ಎಲ್ಲವೂ ಅದೇ ಹಳಿಯ ಮೇಲೆ ಎರಡೂ ಕಡೆಯಿಂದ ಬರಬೇಕು. ರಸ್ತೆ ಎರಡು ದಿನಗಳಲ್ಲಿ ತೆರೆದಾಗ ರೈಲು ಎರಡು ವಾರ ತೆಗೆದುಕೊಳ್ಳುವುದಕ್ಕೆ ಇದೊಂದು ಮುಖ್ಯ ಕಾರಣ.

ಆಪತ್ತಿನ ಮೂರು ಬಗೆ

ಎಲ್ಲ ಅಡಚಣೆಯೂ ಒಂದೇ ಅಲ್ಲ. ಮೊದಲನೆಯದು ಮುಂಚೆಯೇ ಗೊತ್ತಿರುವಂಥದ್ದು. ಶಿರಾಡಿ ರಸ್ತೆಗೆ ಕಾಂಕ್ರೀಟ್ ಹಾಕಲು 2015ರಲ್ಲೂ 2018ರಲ್ಲೂ ಘಾಟಿಯನ್ನು ತಿಂಗಳುಗಟ್ಟಲೆ ಮುಚ್ಚಿದ್ದರು. ಇಲ್ಲಿ ತಯಾರಿಗೆ ಸಮಯವಿರುತ್ತದೆ. ಹೊಸ ವೇಳಾಪಟ್ಟಿ, ಹೊಸ ದರ, ಬದಲಿ ಮಾರ್ಗ ಎಲ್ಲವನ್ನೂ ಮೊದಲೇ ಪ್ರಕಟಿಸಬಹುದು.

ಎರಡನೆಯದು ಸುಳಿವು ಕೊಟ್ಟು ಬರುವಂಥದ್ದು. ಭಾರಿ ಮಳೆ, ಚಂಡಮಾರುತ, ಮುಷ್ಕರ ಈ ಗುಂಪಿನವು. 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ಎರಡು ವಾರ ಮುಷ್ಕರ ಮಾಡಿದಾಗ, ಸರ್ಕಾರ ಖಾಸಗಿ ಬಸ್ಸುಗಳನ್ನು ಸರ್ಕಾರಿ ಬಸ್ ನಿಲ್ದಾಣಗಳೊಳಕ್ಕೆ ಬಿಟ್ಟು ಜನರನ್ನು ಸಾಗಿಸಿತು. ದಿನ ಗೊತ್ತಿರುತ್ತದೆ, ಎಷ್ಟು ಕಾಲ ನಡೆಯುತ್ತದೆ ಎಂಬುದು ಗೊತ್ತಿರುವುದಿಲ್ಲ.

ಮೂರನೆಯದು ಹಠಾತ್ತನೆ ಬರುವಂಥದ್ದು. ರಾತ್ರಿ ಎರಡು ಗಂಟೆಗೆ ಧರೆ ಜರಿದು ಹಳಿಯ ಮೇಲೆ ಬೀಳುತ್ತದೆ. ಆಗ ಯೋಚಿಸಲು ನಿಮಿಷಗಳಷ್ಟೇ ಸಿಗುತ್ತವೆ. ಮೊದಲೇ ಬರೆದಿಟ್ಟ ನಿಯಮ, ಮೊದಲೇ ಅಭ್ಯಾಸವಾದ ಕೈ ಇವೇ ಆ ಹೊತ್ತಿನ ಆಸರೆ.

ಒಂದು ಬಗೆ ಇನ್ನೊಂದರ ಬೆನ್ನಿಗೆ ಬರುವುದೂ ಉಂಟು. 2018ರಲ್ಲಿ ಕಾಂಕ್ರೀಟ್ ಕೆಲಸ ಮುಗಿದು ಶಿರಾಡಿ ತೆರೆದದ್ದು ಜುಲೈನಲ್ಲಿ. ಆಗಸ್ಟ್‌ನ ಮಳೆಗೆ ಗುಡ್ಡ ಕುಸಿದು ಮತ್ತೆ ಮುಚ್ಚಿತು.

ನಿಲ್ಲಿಸುವ ಅಧಿಕಾರ ಯಾರದು?

ರಸ್ತೆಯ ಮಟ್ಟಿಗೆ ಈ ಅಧಿಕಾರ ಜಿಲ್ಲಾಧಿಕಾರಿಯದು. ಮೋಟಾರು ವಾಹನ ಕಾಯ್ದೆ 1988ರ 115ನೇ ಸೆಕ್ಷನ್ ಸಾರ್ವಜನಿಕ ಸುರಕ್ಷತೆಗಾಗಿ ವಾಹನ ಸಂಚಾರವನ್ನು ನಿರ್ಬಂಧಿಸಲು ಅವಕಾಶ ಕೊಡುತ್ತದೆ. ವಿಪತ್ತು ನಿರ್ವಹಣಾ ಕಾಯ್ದೆ 2005ರ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರೂ ಜಿಲ್ಲಾಧಿಕಾರಿಯೇ. ಬಾಧಿತ ಪ್ರದೇಶದ ಒಳಗೆ, ಹೊರಗೆ ವಾಹನ ಓಡಾಟವನ್ನು ನಿಯಂತ್ರಿಸುವ ಅಧಿಕಾರ ಆ ಪ್ರಾಧಿಕಾರಕ್ಕೆ 34ನೇ ಸೆಕ್ಷನ್‌ನಿಂದ ಬರುತ್ತದೆ. ಶಿರಾಡಿಯ ಮೇಲ್ಭಾಗ ಹಾಸನ ಜಿಲ್ಲೆಗೆ, ಕೆಳಭಾಗ ದಕ್ಷಿಣ ಕನ್ನಡಕ್ಕೆ ಸೇರಿದೆ. ಒಂದು ಕಡೆ ಗೇಟು ಹಾಕಿ ಇನ್ನೊಂದು ಕಡೆ ವಾಹನ ಬಿಟ್ಟರೆ ನೂರಾರು ಬಸ್ಸು, ಲಾರಿಗಳು ಘಾಟಿಯ ನಡುವೆ ಸಿಕ್ಕಿಬೀಳುತ್ತವೆ. ಹಾಗಾಗಿ ಎರಡೂ ಜಿಲ್ಲಾಡಳಿತಗಳ ಆದೇಶ ಒಂದೇ ಹೊತ್ತಿಗೆ ಜಾರಿಯಾಗುವುದು ಬಹಳ ಮುಖ್ಯ.

ನಿರ್ಧಾರಕ್ಕೆ ಆಧಾರ ಮಳೆಯ ಲೆಕ್ಕ. ಹವಾಮಾನ ಇಲಾಖೆಯ ಪ್ರಕಾರ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಧಿಕ. ಯೆಲ್ಲೋ, ಆರೆಂಜ್, ರೆಡ್ ಅಲರ್ಟ್‌ಗಳು ಕ್ರಮವಾಗಿ ‘ಗಮನವಿಡಿ’, ‘ಸಿದ್ಧರಾಗಿ’, ‘ಕ್ರಮ ಕೈಗೊಳ್ಳಿ’ ಎಂದು ಹೇಳುತ್ತವೆ. ಹೊಸಬರು ಇಲ್ಲೊಂದು ಸೂಕ್ಷ್ಮ ಗಮನಿಸಬೇಕು. ಗುಡ್ಡ ಕುಸಿಯಲು ಒಂದೇ ದಿನದ ಮಳೆ ಸಾಲದೆ ಇರಬಹುದು. ವಾರಗಟ್ಟಲೆ ನೀರು ಕುಡಿದ ಮಣ್ಣು, ಮಳೆ ಸ್ವಲ್ಪ ಬಿಡುವು ಕೊಟ್ಟ ದಿನವೂ ಜರಿಯಬಹುದು. ಬಿಸಿಲು ಬಂತೆಂದು ಒಡನೆ ಗೇಟು ತೆಗೆಯದಿರುವುದಕ್ಕೆ ಇದೇ ಕಾರಣ.

ಕೊಂಕಣ ರೈಲ್ವೆ ಈ ಪಾಠವನ್ನು ದೊಡ್ಡ ಬೆಲೆ ತೆತ್ತು ಕಲಿತಿತು. 2003ರ ಜೂನ್‌ನಲ್ಲಿ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ವಿಶೇಷ ರೈಲು ಮಹಾರಾಷ್ಟ್ರದ ವೈಭವವಾಡಿ ಬಳಿ ಹಳಿಯ ಮೇಲೆ ಬಿದ್ದ ಬಂಡೆಗಳಿಗೆ ಬಡಿದು 50ಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷ ಜೂನ್‌ನಲ್ಲೇ ಮಂಗಳೂರಿನಿಂದ ಹೊರಟ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಅಂಥದೇ ಅಪಘಾತಕ್ಕೆ ಸಿಕ್ಕಿತು. ಇಂದು ಆ ಮಾರ್ಗದಲ್ಲಿ ಮಳೆಗಾಲಕ್ಕೆಂದೇ ಬೇರೆ ವೇಳಾಪಟ್ಟಿಯಿದೆ. ಹಲವು ವರ್ಷ ಅದು ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಇರುತ್ತಿತ್ತು, 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ಕ್ಕೆ ಇಳಿಯಿತು. ಮಳೆ ಜೋರಾಗಿ ಮುಂದಿನದು ಕಾಣದಂತಾದರೆ ಗಂಟೆಗೆ 40 ಕಿ.ಮೀ. ಮೀರಬಾರದೆಂದು ಲೋಕೊ ಪೈಲಟ್‌ಗಳಿಗೆ ಸೂಚನೆಯಿದೆ. ಹೊನ್ನಾವರದ ಬಳಿ ಶರಾವತಿಯ ಮೇಲಿನ 2 ಕಿ.ಮೀ.ಗೂ ಉದ್ದದ ಸೇತುವೆಯಲ್ಲಿ ಗಾಳಿಯ ವೇಗ ಅಳೆಯುವ ಸಾಧನವಿದೆ. ಮಳೆಗಾಲದಲ್ಲಿ ರೈಲು ನಿಧಾನವೆಂದು ಗೊಣಗುವ ಮೊದಲು ಈ ಹಿನ್ನೆಲೆ ನೆನಪಿರಲಿ. ಆ ನಿಧಾನವನ್ನು ಲೆಕ್ಕ ಹಾಕಿಯೇ ವೇಳಾಪಟ್ಟಿಗೆ ಸೇರಿಸಿದ್ದಾರೆ.

ಹಳಿಯ ಮೇಲೆ ನಡೆಯುವವರು

ಯಂತ್ರಗಳು ಎಷ್ಟೇ ಬಂದಿದ್ದರೂ ಘಟ್ಟದ ಮಳೆಗಾಲದಲ್ಲಿ ರೈಲಿನ ಸುರಕ್ಷತೆ ಇವತ್ತಿಗೂ ಕಾಲ್ನಡಿಗೆಯ ಗಸ್ತನ್ನು ನೆಚ್ಚಿಕೊಂಡಿದೆ. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ರಾತ್ರಿ ಗಸ್ತಿನ ಸಿಬ್ಬಂದಿ ತನಗೆ ಗೊತ್ತುಮಾಡಿದ ಹಳಿಯ ಭಾಗವನ್ನು ನಡೆದೇ ನೋಡುತ್ತಾನೆ. ಕೈಯಲ್ಲಿ ಕೆಂಪು ದೀಪ ತೋರಿಸಬಲ್ಲ ಟಾರ್ಚು, ಸೀಟಿ, ಜೋಳಿಗೆಯಲ್ಲಿ ಡಿಟೊನೇಟರ್‌ಗಳು. ಡಿಟೊನೇಟರ್ ಎಂದರೆ ಹಳಿಗೆ ಕಟ್ಟುವ, ಚಕ್ರ ಹತ್ತಿದೊಡನೆ ಸಿಡಿದು ಸದ್ದು ಮಾಡುವ ಸಣ್ಣ ಡಬ್ಬಿ. ಮಣ್ಣು ಬಿದ್ದಿರುವುದು, ಹಳಿಯ ಕೆಳಗಿನ ಜಲ್ಲಿ ಕೊಚ್ಚಿಹೋಗಿರುವುದು ಕಂಡರೆ ಮೊದಲು ಆ ಜಾಗದಲ್ಲಿ ಕೆಂಪು ದೀಪ ಇಡಬೇಕು. ಆಮೇಲೆ ರೈಲು ಬರುವ ದಿಕ್ಕಿಗೆ ಓಡಬೇಕು. ಬ್ರಾಡ್‌ಗೇಜ್‌ನಲ್ಲಿ 600 ಮೀಟರ್ ದೂರದಲ್ಲಿ ಒಂದು ಡಿಟೊನೇಟರ್, 1200 ಮೀಟರ್ ದೂರದಲ್ಲಿ ಹತ್ತತ್ತು ಮೀಟರ್ ಅಂತರದಲ್ಲಿ ಮೂರು. ಇಷ್ಟು ದೂರ ಯಾಕೆಂದರೆ, ಬ್ರೇಕು ಹಾಕಿದ ಮೇಲೂ ರೈಲು ಬಹಳ ದೂರ ಓಡಿಯೇ ನಿಲ್ಲುವುದು. ಎಂಜಿನ್‌ನವರಿಗೆ ಮಳೆಯ ಸದ್ದಿನಲ್ಲಿ ಸೀಟಿ ಕೇಳಿಸದು, ತಿರುವಿನಲ್ಲಿ ದೀಪ ಕಾಣಿಸದು; ಕಾಲಕೆಳಗೆ ಸಿಡಿಯುವ ಸದ್ದು ಮಾತ್ರ ತಪ್ಪುವುದಿಲ್ಲ.

ಗಸ್ತಿನ ವ್ಯವಸ್ಥೆಯಲ್ಲಿ ಇನ್ನೊಂದು ಜಾಣತನವಿದೆ. ಗಸ್ತಿನವನು ಗೊತ್ತಾದ ಹೊತ್ತಿಗೆ ನಿಲ್ದಾಣ ತಲುಪಿ ಪುಸ್ತಕಕ್ಕೆ ಸಹಿ ಹಾಕಿಸಬೇಕು. ಅವನು ಬರದಿದ್ದರೆ ‘ಏನೂ ಸುದ್ದಿಯಿಲ್ಲ, ಎಲ್ಲ ಸರಿಯಿರಬೇಕು’ ಎಂದು ಸ್ಟೇಷನ್ ಮಾಸ್ಟರ್ ಭಾವಿಸುವಂತಿಲ್ಲ. ಏನೋ ಅಪಾಯವಾಗಿದೆ ಎಂದೇ ತಿಳಿದು, ಮುಂದಿನ ರೈಲಿಗೆ ಕಾಷನ್ ಆರ್ಡರ್ ಕೊಟ್ಟು ವೇಗ ತಗ್ಗಿಸಬೇಕು. ಸುದ್ದಿ ಬಾರದಿರುವುದನ್ನೇ ಎಚ್ಚರಿಕೆಯೆಂದು ಓದುವ ಈ ಕ್ರಮ ಆಪತ್ತು ನಿರ್ವಹಣೆಯ ತಿರುಳು. ಬಸ್ ಡಿಪೊಗೂ ಇದು ಸಲ್ಲುತ್ತದೆ: ಘಾಟಿ ಹತ್ತಿದ ಬಸ್ಸು ಮೇಲಿನ ನಿಲ್ದಾಣಕ್ಕೆ ಹೊತ್ತಿಗೆ ಸರಿಯಾಗಿ ಬರದಿದ್ದರೆ ಯಾರದಾದರೂ ಫೋನು ಬರುವವರೆಗೆ ಕಾಯದೆ ತಾವೇ ವಿಚಾರಿಸಬೇಕು.

ಬದಲಿ ದಾರಿಯ ಭ್ರಮೆ ಮತ್ತು ನಿಜ

ನಕ್ಷೆ ನೋಡಿದವರು ‘ಶಿರಾಡಿ ಮುಚ್ಚಿದರೆ ಚಾರ್ಮಾಡಿ ಇದೆಯಲ್ಲ’ ಎನ್ನುತ್ತಾರೆ. ಇದರಲ್ಲಿ ಎರಡು ತೊಡಕುಗಳಿವೆ.

ಮೊದಲ ತೊಡಕು, ಎಲ್ಲ ಘಾಟಿಗಳೂ ನೆನೆಯುವುದು ಅದೇ ಮಳೆಗೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲದ ಬಳಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಹೋಯಿತು, ಶಿರಾಡಿ ಮುಚ್ಚಿತು, ರೈಲು ಹಳಿಯ ಮೇಲೂ ಸಾಲುಸಾಲಾಗಿ ಮಣ್ಣು ಬಿತ್ತು. ಭಾರವೆಲ್ಲ ಚಾರ್ಮಾಡಿಯ ಮೇಲೆ ಬಿತ್ತು. ಮರುವರ್ಷದ ಆಗಸ್ಟ್‌ನಲ್ಲಿ ಚಾರ್ಮಾಡಿಯೇ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಬಿದ್ದು ಹಲವರ ಜೀವ ಹೋಯಿತು. ಅದೇ ತಿಂಗಳು ಸಕಲೇಶಪುರದ ಬಳಿ ಶಿರಾಡಿ ಹೆದ್ದಾರಿಯೂ ಕುಸಿತದಿಂದ ಮುಚ್ಚಿತು. ಜುಲೈ 26ರಂದು ಕಡಗರವಳ್ಳಿ–ಎಡಕುಮೇರಿ ನಡುವೆ ರೈಲುಮಾರ್ಗ ಕುಸಿದು ಪ್ರಯಾಣಿಕರ ರೈಲುಗಳು ಸುಮಾರು ಎರಡು ವಾರ ನಿಂತವು. ಬದಲಿ ದಾರಿ ಯೋಜಿಸುವವರು ‘ಇದು ಮುಚ್ಚಿದರೆ ಅದು’ ಎಂದು ಬರೆದಿಟ್ಟರೆ ಸಾಲದು. ‘ಎರಡೂ ಮುಚ್ಚಿದರೆ?’ ಎಂಬ ಮುಂದಿನ ಸಾಲನ್ನೂ ಬರೆಯಬೇಕು. ಆ ಸಾಲಿನ ಉತ್ತರ ಕೆಲವೊಮ್ಮೆ ‘ಇಂದು ಯಾರೂ ಹೊರಡಬಾರದು’ ಎಂದೇ ಇರಬಹುದು. ಅದನ್ನು ಹಿಂದಿನ ಸಂಜೆಯೇ ಹೇಳುವುದು ಪ್ರಾಮಾಣಿಕತೆ.

ಎರಡನೆಯ ತೊಡಕು, ಎಲ್ಲ ದಾರಿಗೂ ಎಲ್ಲ ಬಸ್ಸು ಹೊಂದುವುದಿಲ್ಲ. ಸಾಮಾನ್ಯ ಕೆಂಪು ಬಸ್ಸು ತಿರುಗುವ ಚಾರ್ಮಾಡಿಯ ಹೇರ್‌ಪಿನ್ ತಿರುವುಗಳಲ್ಲಿ ಉದ್ದನೆಯ ಮಲ್ಟಿ ಆಕ್ಸಲ್ ವೋಲ್ವೊ ತಿರುಗಲಾರದು. ಅದು ಬೇರೆ ಸುತ್ತು ಹಾಕಬೇಕು, ಇಲ್ಲವೇ ನಿಲ್ಲಬೇಕು. ಹಾಗಾಗಿ ಯಾವ ದಾರಿಗೆ ಯಾವ ಗಾಡಿ ಎಂಬ ಪಟ್ಟಿ ಪ್ರತಿ ಡಿಪೊದ ಗೋಡೆಯ ಮೇಲೆ ಮಳೆಗಾಲಕ್ಕೆ ಮೊದಲೇ ಇರಬೇಕು.

ರೈಲಿನ ಬದಲಿ ದಾರಿ ಇನ್ನೂ ದೂರದ್ದು. ಘಟ್ಟದ ಹಳಿ ಮುಚ್ಚಿದರೆ ಬೆಂಗಳೂರಿನ ರೈಲು ಜೋಲಾರಪೇಟೆ, ಸೇಲಂ, ಪೊದನೂರು, ಶೊರನೂರು ಸುತ್ತಿ ಕೇರಳದ ಕರಾವಳಿಯಲ್ಲಿ ಬರಬೇಕು. ಇಲ್ಲಿ ಹೊಸಬರ ಕಣ್ಣಿಗೆ ಬೀಳದ ಒಂದು ಅನ್ಯಾಯವಿದೆ. ಮಾರ್ಗ ಬದಲಾದ ರೈಲು ಎರಡು ತುದಿಯ ಪ್ರಯಾಣಿಕರನ್ನು ತಡವಾಗಿಯಾದರೂ ಊರು ಮುಟ್ಟಿಸುತ್ತದೆ. ನಡುವಿನ ಹಾಸನ, ಸಕಲೇಶಪುರ, ಸುಬ್ರಹ್ಮಣ್ಯ ರೋಡ್, ಪುತ್ತೂರು, ಬಂಟ್ವಾಳದವರಿಗೆ ಅದು ರದ್ದಾದ ರೈಲೇ. ಪ್ರಕಟಣೆಯಲ್ಲಿ ‘ಮಾರ್ಗ ಬದಲಾವಣೆ’ ಎಂದು ಬರೆದು ಸುಮ್ಮನಾಗದೆ, ನಡುವಿನ ಊರುಗಳವರಿಗೆ ಏನು ವ್ಯವಸ್ಥೆ ಎಂದು ಪ್ರತ್ಯೇಕವಾಗಿ ಕೇಳುವ ಒಬ್ಬ ಅಧಿಕಾರಿ ಪ್ರತಿ ಸಭೆಯಲ್ಲೂ ಬೇಕು.

ಡಿಪೊದ ಲೆಕ್ಕ

ರೈಲು ನಿಂತಿತು, ಬಸ್ಸು ಬಿಡಿ ಎನ್ನುವುದು ಸುಲಭ. ಲೆಕ್ಕ ಹಾಕಿ ನೋಡಿ. ಒಂದು ರಾತ್ರಿ ರೈಲಿನಲ್ಲಿ 1000 ಪ್ರಯಾಣಿಕರಿದ್ದರೆ, ಬಸ್ಸಿಗೆ 50 ಮಂದಿಯಂತೆ 20 ಬಸ್ಸು ಬೇಕು. 20 ಬಸ್ಸಿಗೆ ಕನಿಷ್ಠ 20 ಚಾಲಕರು, ದೂರದ ಓಟವಾದರೆ ಅದಕ್ಕೂ ಹೆಚ್ಚು. ಅಷ್ಟೂ ಬಸ್ಸು ಒಂದೇ ಡಿಪೊದಲ್ಲಿ ಬಿಡುವಾಗಿ ನಿಂತಿರುವುದಿಲ್ಲ. ಬೇರೆ ಶೆಡ್ಯೂಲ್‌ನಿಂದ ಕಿತ್ತು ತರಬೇಕು. ಕಿತ್ತಲ್ಲಿ ಮತ್ತೊಬ್ಬರ ಬಸ್ಸು ತಪ್ಪುತ್ತದೆ.

ನಗರದಲ್ಲೂ ಲೆಕ್ಕ ಇದೇ. 2018ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಟ್ರಿನಿಟಿ ಮೆಟ್ರೊ ನಿಲ್ದಾಣದ ಬಳಿ ಎತ್ತರಿಸಿದ ಮಾರ್ಗದ ಕಾಂಕ್ರೀಟ್‌ನಲ್ಲಿ ದೋಷ ಕಂಡಿತು. ದುರಸ್ತಿಗೆ ವಾರಾಂತ್ಯವನ್ನೇ ಆರಿಸಿ, ಮುಂಚಿತವಾಗಿ ತಿಳಿಸಿ, ಎಂ.ಜಿ. ರಸ್ತೆ–ಇಂದಿರಾನಗರ ನಡುವೆ ಮೆಟ್ರೊ ನಿಲ್ಲಿಸಿ ಬಸ್ಸುಗಳನ್ನು ಓಡಿಸಿದರು. ಆರು ಬೋಗಿಯ ಮೆಟ್ರೊ ರೈಲಿನ ಜನಕ್ಕೆ ಸರಿಸಾಟಿಯಾಗಿ ಬಸ್ಸು ಒದಗಿಸುವುದು ಯಾರಿಗೂ ಸುಲಭವಲ್ಲ. ಜನ ಕಡಿಮೆಯಿರುವ ದಿನವನ್ನು ಆರಿಸಿಕೊಂಡದ್ದೇ ಅಲ್ಲಿನ ದೊಡ್ಡ ಉಪಾಯ.

ಚಾಲಕನ ಲೆಕ್ಕ ಇನ್ನೂ ಗಂಭೀರ. 2025ರವರೆಗೆ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರ ಪ್ರಕಾರ ಸಾಮಾನ್ಯ ದುಡಿಮೆ ದಿನಕ್ಕೆ 8 ಗಂಟೆಯಾಗಿತ್ತು. ಘಾಟಿ ಮುಚ್ಚಿ ಬಸ್ಸು ಸುತ್ತಿ ಬಳಸಿ ಹೋದರೆ ಓಟ ಮೂರು ನಾಲ್ಕು ಗಂಟೆ ಹೆಚ್ಚುತ್ತದೆ. ತಡೆಯಲ್ಲಿ ನಿಂತ ಹೊತ್ತು ಬೇರೆ. ಅಡಚಣೆಯ ಹೊತ್ತಿನಲ್ಲಿ ಹೆಚ್ಚು ದುಡಿಸಿಕೊಳ್ಳಲು ಆ ಕಾಯ್ದೆಯೇ ಎಡೆ ಕೊಟ್ಟಿತ್ತು, ಆದರೆ ನಿದ್ದೆಗೆಟ್ಟ ಕಣ್ಣಿಗೆ ಕಾಯ್ದೆ ಗೊತ್ತಿಲ್ಲ. ಮಂಜು ಮುಸುಕಿದ ತಿರುವಿನಲ್ಲಿ ದಣಿದ ಚಾಲಕನನ್ನು ಕೂರಿಸುವುದೆಂದರೆ ಒಂದು ಆಪತ್ತಿನಿಂದ ಇನ್ನೊಂದಕ್ಕೆ ದಾರಿ ಮಾಡಿದಂತೆ. ಬದಲಿ ಚಾಲಕ ಎಲ್ಲಿ ಹತ್ತುತ್ತಾನೆ, ಇಳಿದವನು ಎಲ್ಲಿ ಮಲಗುತ್ತಾನೆ, ಊಟವೆಲ್ಲಿ ಎಂಬುದು ಮಾರ್ಗದ ನಕ್ಷೆಯಷ್ಟೇ ಮುಖ್ಯವಾದ ಯೋಜನೆ.

ಹಳ್ಳಿಯ ನೈಟ್ ಹಾಲ್ಟ್ ಬಸ್ಸನ್ನೂ ಗಮನಿಸಿ. ಸಂಜೆ ಹೋಗಿ ಹಳ್ಳಿಯಲ್ಲೇ ತಂಗಿ, ಬೆಳಿಗ್ಗೆ ಮೊದಲ ಟ್ರಿಪ್‌ನಲ್ಲಿ ಕಾಲೇಜಿನ ಮಕ್ಕಳನ್ನು, ಹಾಲಿನವರನ್ನು, ಆಸ್ಪತ್ರೆಗೆ ಹೋಗುವವರನ್ನು ಪೇಟೆಗೆ ತರುವ ಬಸ್ಸದು. ಹಗಲು ಘಾಟಿಯಾಚೆ ಹೋದ ಆ ಗಾಡಿ ಸಂಜೆ ಹಿಂದೆ ಬರದಿದ್ದರೆ, ಮಳೆಯೇ ಇಲ್ಲದ, ಗುಡ್ಡವೇ ಕುಸಿಯದ ಊರಿನಲ್ಲೂ ಮರುದಿನ ಬೆಳಿಗ್ಗೆ ಬಸ್ಸಿಲ್ಲ. ದೂರದ ಅಡಚಣೆ ಹತ್ತಿರದ ಹಳ್ಳಿಗೆ ಹೀಗೆ ತಲುಪುತ್ತದೆ. ಅನುಭವಿ ಡಿಪೊ ಮ್ಯಾನೇಜರ್ ಘಾಟಿ ಮುಚ್ಚಿದ ಸುದ್ದಿ ಬಂದೊಡನೆ ನಾಳೆ ಬೆಳಗಿನ ಮೊದಲ ಟ್ರಿಪ್‌ಗಳನ್ನು ಎಣಿಸುತ್ತಾನೆ. ದೂರದ ಐಷಾರಾಮಿ ಸೇವೆಗಳನ್ನು ಕಡಿಮೆ ಮಾಡಿಯಾದರೂ ಹಳ್ಳಿಯ ಬಸ್ಸನ್ನು ಉಳಿಸಿಕೊಳ್ಳುತ್ತಾನೆ.

ಯಾರಿಗೆ ಮೊದಲು?

ಸೀಟು ಕಡಿಮೆ, ಜನ ಹೆಚ್ಚು ಎಂದಾಗ ಕ್ರಮ ಬೇಕು. 2020ರ ಮೇ ತಿಂಗಳಲ್ಲಿ ಕೊರೊನಾ ಲಾಕ್‌ಡೌನ್ ನಡುವೆ ಬಸ್ಸು ಮತ್ತೆ ಓಡಲು ಶುರುವಾದಾಗ ಒಂದು ಬಸ್ಸಿಗೆ 30 ಜನರೆಂದು ಮಿತಿ ಹಾಕಿದ್ದರು. ಅದಕ್ಕೂ ಮೊದಲು ಬೆಂಗಳೂರಿನಿಂದ ಊರಿಗೆ ಮರಳುವ ಕಾರ್ಮಿಕರನ್ನು ಕೆಎಸ್‌ಆರ್‌ಟಿಸಿ ಕೆಲವು ದಿನ ಉಚಿತವಾಗಿ ಸಾಗಿಸಿತು. ಹಣ ಯಾರ ಬಳಿ ಇದೆ ಎಂಬುದಕ್ಕಿಂತ ಯಾರಿಗೆ ಅಗತ್ಯ ಹೆಚ್ಚು ಎಂಬುದನ್ನು ನೋಡಿದ ಸಂದರ್ಭವದು.

ಘಾಟಿಯಲ್ಲೂ ಅದೇ ನ್ಯಾಯ ನಡೆಯಬೇಕು. ಡಯಾಲಿಸಿಸ್‌ಗೆ ಹೊರಟವರು, ಗರ್ಭಿಣಿಯರು, ಪರೀಕ್ಷೆ ಇರುವವರು, ಚಿಕ್ಕ ಮಕ್ಕಳ ಜತೆಗಿರುವವರು ಮೊದಲು. ಇದನ್ನು ನಿರ್ವಾಹಕನೊಬ್ಬನ ವಿವೇಚನೆಗೆ ಬಿಟ್ಟರೆ ಜಗಳವಾಗುತ್ತದೆ. ನಿಲ್ದಾಣದಲ್ಲಿ ಸಂಚಾರ ನಿಯಂತ್ರಕರು ಮೈಕಿನಲ್ಲಿ ಒಮ್ಮೆ ಹೇಳಿದರೆ, ನಮ್ಮ ಜನ ಸಾಮಾನ್ಯವಾಗಿ ತಾವೇ ಎದ್ದು ಜಾಗ ಬಿಡುತ್ತಾರೆ. ವಿದ್ಯಾರ್ಥಿ ಪಾಸು, ಮಹಿಳೆಯರಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇವೆಲ್ಲ ಸರ್ಕಾರಿ ಬಸ್ಸಿಗಷ್ಟೇ ಸೀಮಿತ. ಬದಲಿಗೆ ಖಾಸಗಿ ಬಸ್ಸು ಬಿಟ್ಟ ದಿನ ಜೇಬಿನಲ್ಲಿ ಹಣವಿಲ್ಲದ ವಿದ್ಯಾರ್ಥಿ, ಮಹಿಳೆ ಅಲ್ಲೇ ಉಳಿಯುತ್ತಾರೆ. ಬದಲಿ ವ್ಯವಸ್ಥೆ ಬರೆಯುವವರು ಈ ಸಾಲನ್ನು ಮರೆಯಬಾರದು.

ಏನು ಹೇಳಬೇಕು, ಯಾವಾಗ ಹೇಳಬೇಕು?

ಮಂಗಳೂರಿನಲ್ಲಿ ನೈಋತ್ಯ ರೈಲ್ವೆ, ದಕ್ಷಿಣ ರೈಲ್ವೆ, ಕೊಂಕಣ ರೈಲ್ವೆ ಮೂರೂ ಆಡಳಿತಗಳು ಸಂಧಿಸುತ್ತವೆ. ಅದರ ಮೇಲೆ ರಸ್ತೆ ಸಾರಿಗೆ ನಿಗಮ, ಪೊಲೀಸರು, ಎರಡು ಜಿಲ್ಲಾಡಳಿತಗಳು. ಪ್ರತಿಯೊಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿಯಾದ ಮಾಹಿತಿ ಕೊಟ್ಟರೂ ಪ್ರಯಾಣಿಕನ ಕೈಗೆ ಚೂರುಚೂರಾಗಿ ಸಿಗುತ್ತದೆ. ಅವನಿಗೆ ಬೇಕಾದದ್ದು ನಾಲ್ಕೇ ಸಂಗತಿ: ಏನಾಗಿದೆ, ನನ್ನ ಗಾಡಿಯ ಗತಿಯೇನು, ಬದಲಿ ಏನಿದೆ, ಮುಂದಿನ ಸುದ್ದಿ ಎಷ್ಟು ಗಂಟೆಗೆ. ನಾಲ್ಕನೆಯದನ್ನು ಹೆಚ್ಚಿನ ಪ್ರಕಟಣೆಗಳು ಬಿಟ್ಟುಬಿಡುತ್ತವೆ. ಸಮಾಧಾನ ಕೊಡುವುದು ಅದೇ. ‘ದಾರಿ ಯಾವಾಗ ತೆರೆಯುತ್ತದೋ ಈಗ ಹೇಳಲಾಗದು, ಆದರೆ ಆರು ಗಂಟೆಗೆ ಮತ್ತೆ ತಿಳಿಸುತ್ತೇವೆ’ ಎಂದರೆ ಜನ ಹೋಗಿ ಊಟ ಮಾಡಿ ಬರುತ್ತಾರೆ. ಏನೂ ಹೇಳದಿದ್ದರೆ ಕಿಟಕಿಯ ಮುಂದೆ ಮುತ್ತುತ್ತಾರೆ, ಗಾಳಿಸುದ್ದಿ ಹಬ್ಬುತ್ತದೆ. ಆರು ಗಂಟೆಗೆ ಹೊಸದೇನೂ ಇಲ್ಲದಿದ್ದರೂ, ಇಲ್ಲ ಎಂದು ಹೇಳಲಾದರೂ ಮೈಕು ಹಿಡಿಯಬೇಕು.

ರೈಲ್ವೆ ಪ್ರಕಟಣೆಯ ಕೆಲವು ಪದಗಳನ್ನು ಪ್ರಯಾಣಿಕರೂ ತಿಳಿದಿರಲಿ. ‘ರದ್ದು’ ಎಂದರೆ ಆ ದಿನ ಆ ರೈಲೇ ಇಲ್ಲ. ‘ಭಾಗಶಃ ರದ್ದು’ ಎಂದರೆ ನಡುವಿನ ಒಂದು ನಿಲ್ದಾಣದವರೆಗಷ್ಟೇ ಓಡುತ್ತದೆ, ಇಲ್ಲವೇ ಅಲ್ಲಿಂದ ಹೊರಡುತ್ತದೆ. ‘ಮಾರ್ಗ ಬದಲಾವಣೆ’ ಎಂದರೆ ನಿಮ್ಮ ನಿಲ್ದಾಣಕ್ಕೆ ಬಾರದೆಯೂ ಇರಬಹುದು. ‘ಸಮಯ ಮರುನಿಗದಿ’ ಎಂದರೆ ಹೊರಡುವುದೇ ತಡ. ಪೂರ್ತಿ ರದ್ದಾದರೆ ಹಣ ಪೂರ್ತಿ ವಾಪಸು. ಆನ್‌ಲೈನ್ ಟಿಕೆಟ್ಟಿನ ಹಣ ತಾನಾಗಿಯೇ ಬರುತ್ತದೆ. ನೀವು ಹತ್ತುವ ನಿಲ್ದಾಣದಿಂದ ರೈಲು 3 ಗಂಟೆಗಿಂತ ಹೆಚ್ಚು ತಡವಾಗಿ ಹೊರಡುವುದಿದ್ದು, ನೀವು ಪ್ರಯಾಣ ಮಾಡದಿದ್ದರೂ ಪೂರ್ತಿ ಹಣಕ್ಕೆ ಅರ್ಹರು, ಆದರೆ ರೈಲು ಹೊರಡುವುದಕ್ಕೆ ಮೊದಲೇ ಅರ್ಜಿ ಹಾಕಬೇಕು. ವಿಚಾರಣೆಗೆ 139 ಇದೆ.

ಮತ್ತೆ ಶುರು ಮಾಡುವಾಗ

ಮುಚ್ಚುವುದಕ್ಕಿಂತ ತೆರೆಯುವ ನಿರ್ಧಾರ ಕಷ್ಟ. ಎಲ್ಲ ಕಡೆಯಿಂದ ಒತ್ತಡವಿರುತ್ತದೆ. 2024ರಲ್ಲಿ ಎಡಕುಮೇರಿಯ ಬಳಿ ಹಳಿ ಸರಿಪಡಿಸಿದ ಮೇಲೆ ಮೊದಲು ಸರಕು ರೈಲು ಓಡಿಸಿ ನೋಡಿದರು, ಕೆಲವು ದಿನ ಬಿಟ್ಟು ಪ್ರಯಾಣಿಕರ ರೈಲುಗಳನ್ನು ಬಿಟ್ಟರು. ಆಗಸ್ಟ್ ಎರಡನೇ ವಾರದಲ್ಲಿ ರೈಲು ಓಡತೊಡಗಿದ ಬೆನ್ನಲ್ಲೇ ಸಕಲೇಶಪುರ–ಬಾಳ್ಳುಪೇಟೆ ನಡುವೆ ಮತ್ತೊಂದು ಕುಸಿತವಾಗಿ ಮತ್ತೆ ನಿಂತವು. ಅವಸರಕ್ಕೆ ಘಟ್ಟ ಮಣಿಯುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ರಸ್ತೆಯಲ್ಲೂ ಕ್ರಮ ಹೀಗೆಯೇ: ಮೊದಲು ಲಘು ವಾಹನ, ಹಗಲು ಮಾತ್ರ, ಒಂದೊಂದೇ ದಿಕ್ಕಿಗೆ ಸರದಿ, ಆಮೇಲೆ ಬಸ್ಸು, ಕೊನೆಗೆ ಭಾರಿ ಸರಕು ಲಾರಿ.

ನಿಮ್ಮ ಪಾಲಿನ ಕೆಲಸ

ಪ್ರಯಾಣಿಕರಾಗಿ ನೀವು ಮಾಡಬಹುದಾದದ್ದು ಹೆಚ್ಚೇನಿಲ್ಲ, ಆದರೆ ಅಷ್ಟೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟ ದಾಟುವ ಮುಖ್ಯ ಕೆಲಸಕ್ಕೆ ಒಂದು ದಿನ ಮುಂಚೆ ಹೊರಡಿ. ದಿನ ತಪ್ಪದ ಮಾತ್ರೆ, ನೀರು, ತುಸು ತಿಂಡಿ, ಸ್ವಲ್ಪ ನಗದು ಚೀಲದಲ್ಲಿರಲಿ. ಟಿಕೆಟ್ ಕಾಯ್ದಿರಿಸುವಾಗ ನಿಮ್ಮದೇ ಮೊಬೈಲ್ ನಂಬರ್ ಕೊಡಿ, ಸಂದೇಶ ಬರುವುದು ಅದಕ್ಕೇ. ಬಸ್ಸು ಘಾಟಿಯಲ್ಲಿ ನಿಂತರೆ ಇಳಿದು ಗುಡ್ಡದ ಬುಡದಲ್ಲಿ ನಿಲ್ಲಬೇಡಿ. ಮುಂದೆ ಹೋಗಲ್ಲವೆಂದ ಚಾಲಕನನ್ನು ಒತ್ತಾಯಿಸಬೇಡಿ.

ನಾಗರಿಕರಾಗಿ ಮಾಡಬಹುದಾದದ್ದು ಇನ್ನೂ ಹೆಚ್ಚು. ಪ್ರತಿ ವರ್ಷ ಮೇ ತಿಂಗಳಲ್ಲಿ ನಿಮ್ಮ ಊರಿನ ಡಿಪೊಗೆ, ತಾಲ್ಲೂಕು ಆಡಳಿತಕ್ಕೆ, ರೈಲು ನಿಲ್ದಾಣಕ್ಕೆ ಈ ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಿ. ಘಾಟಿ ಮುಚ್ಚಿದರೆ ನಮ್ಮ ಊರಿನ ಬಸ್ಸು ಯಾವ ದಾರಿಯಲ್ಲಿ ಬರುತ್ತದೆ? ರೈಲು ಮಾರ್ಗ ಬದಲಿಸಿದರೆ ನಮ್ಮ ನಿಲ್ದಾಣದವರಿಗೆ ಏನು ವ್ಯವಸ್ಥೆ? ಬೆಳಗಿನ ಮೊದಲ ಬಸ್ಸು ಉಳಿಯುತ್ತದೆಯೇ? ಸುದ್ದಿ ಯಾರು, ಎಷ್ಟು ಹೊತ್ತಿಗೊಮ್ಮೆ ಹೇಳುತ್ತಾರೆ? ಹೋದ ವರ್ಷದ ಅಡಚಣೆಯಿಂದ ಏನು ಕಲಿತಿರಿ? ಉತ್ತರ ಸಿದ್ಧವಿರುವ ಕಡೆ ಮಳೆಗಾಲ ಕಷ್ಟದ್ದಾದರೂ ಕಳೆಯುತ್ತದೆ. ಸಿದ್ಧವಿಲ್ಲದ ಕಡೆ ನಿಮ್ಮ ಪ್ರಶ್ನೆಯೇ ಸಿದ್ಧತೆಯ ಮೊದಲ ಹೆಜ್ಜೆಯಾಗುತ್ತದೆ. ಬಸ್ಸು ನಮ್ಮದು, ರೈಲು ನಮ್ಮದು ಎಂದು ಮಾತಿಗೆ ಹೇಳುತ್ತೇವಲ್ಲ, ಅದನ್ನು ಆಚರಣೆಗೆ ತರುವ ಅತ್ಯಂತ ಸರಳ ದಾರಿ ಇದು.